ಸೈಕಲ್ ಸವಾರರ ಪಾದರಕ್ಷೆ: ಕಾಲುಚೀಲ ಬೇಕೆ, ಬೇಡವೆ?

ಪಾದರಕ್ಷೆಯ ಮಾತು ಬಂದೊಡನೆ ಶರಣ ಪರಂಪರೆಯ ಭಕ್ತರಿಗೆ ನೆನಪಾಗುವವರು ಹರಳಯ್ಯನವರು. 12ನೆಯ ಶತಮಾನದ ಕಲ್ಯಾಣದಲ್ಲಿ ಪಾದರಕ್ಷೆ ಹೊಲಿಯುವುದೇ ಅವರ ಕಾಯಕವಾಗಿತ್ತು. ತಾವು ‘ಶರಣು’ ಎಂದಾಗ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಒಂದು ನಮನಕ್ಕೆ ಎರಡು ನಮನ ಸಲ್ಲಿಸಿದ್ದು ಅವರಿಗೆ ತೀರಿಸಲಾಗದ ಋಣವೆನಿಸಿತು. ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಪ್ಪಿಸಿದರು. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎಂಬುದು ಪರಂಪರೆಯ ಕಥನ. ಪಾದವನ್ನು ಕಾಯುವ ವಸ್ತುವನ್ನೂ ಅದನ್ನು ಮಾಡುವ ಕಾಯಕವನ್ನೂ ಕೀಳೆಂದು ಕಾಣದ ಮಾರ್ಗ ನಮ್ಮದು. ಆದುದರಿಂದ ಆರೋಗ್ಯ ವಿಭಾಗದಲ್ಲಿ ಪಾದರಕ್ಷೆಯ ವಿಚಾರ ಬಂದಿರುವುದಕ್ಕೆ ಭಕ್ತರು ಅಚ್ಚರಿಪಡಬೇಕಾಗಿಲ್ಲ.

ಮುಂಡಗೋಡ ತಾಲೂಕಿನ ಸನವಳ್ಳಿಯ ಭಕ್ತರ ಮನೆಯೊಂದರಿಂದ ಬಂದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಆ ಮನೆಯ ಮಗ ಗೋವೆಯಲ್ಲಿ ನಡೆಯುವ ಈಜು, ಸೈಕಲ್, ಓಟಗಳ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಾನೆ. ಪಳಗಿದ ಸ್ಪರ್ಧಿಗಳು ಕಾಲುಚೀಲವಿಲ್ಲದೆ ಬೂಟು ಧರಿಸುವುದನ್ನು ಕಂಡು ತಾನೂ ಹಾಗೆಯೇ ತೊಡಗಿದ್ದಾನೆ. ತಂದೆ ಹನ್ನೆರಡು ವರ್ಷಗಳಿಂದ ಮಧುಮೇಹಿ. ನಿತ್ಯ ಬೆಳಿಗ್ಗೆ ಹೊಲಕ್ಕೆ ಸೈಕಲ್ಲಿನಲ್ಲಿಯೇ ಹೋಗುವವರು. “ಓಡುವ ಮಗನಿಗೇ ಕಾಲುಚೀಲ ಬೇಡವಾದರೆ ನನಗೇಕೆ?” ಎಂದು ಅವರೂ ವೈದ್ಯರು ಹೇಳಿದ್ದ ಕಾಲುಚೀಲವನ್ನು ಬಿಟ್ಟಿದ್ದಾರೆ. ಇಬ್ಬರಲ್ಲಿ ಯಾರು ಸರಿ ಎಂದು ಮನೆಯ ತಾಯಿಯವರು ಕೇಳಿದ್ದಾರೆ. ಪ್ರಶ್ನೆ ಒಂದೇ ಆದರೂ ಉತ್ತರ ಎರಡು. ಎರಡನೆಯ ಉತ್ತರದಲ್ಲಿ ಒಂದು ಕಾಲಿನ ಉಳಿವು-ಅಳಿವು ಅಡಗಿದೆ.

ಮೂರು ಕ್ರೀಡೆಗಳ ಸ್ಪರ್ಧೆ

ಈಜು, ಸೈಕಲ್ ಸವಾರಿ ಮತ್ತು ಓಟಗಳನ್ನು ಎಡೆಬಿಡದೆ ಒಂದರ ನಂತರ ಒಂದರಂತೆ ಪೂರೈಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಇದು ಒಲಿಂಪಿಕ್ಸ್‌ಗೆ ಸೇರ್ಪಡೆಯಾದದ್ದು 2000ದ ಸಿಡ್ನಿ ಕ್ರೀಡಾಕೂಟದಲ್ಲಿ. ಅಲ್ಲಿನ ದೂರ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. 1978ರಲ್ಲಿ ಹವಾಯಿಯಲ್ಲಿ ಆರಂಭವಾದ ‘ಐರನ್‌ಮ್ಯಾನ್’ ಇದರ ದೀರ್ಘ ರೂಪ. ಅದರ ಅರ್ಧದಷ್ಟು ದೂರದ ಸ್ಪರ್ಧೆ 2019ರಲ್ಲಿ ಗೋವೆಯ ಪಣಜಿಯಲ್ಲಿ ಮೊದಲ ಬಾರಿಗೆ ನಡೆಯಿತು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಇದನ್ನು 8 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ ಪೂರೈಸಿದಾಗ ಕನ್ನಡ ಪತ್ರಿಕೆಗಳ ಓದುಗರಿಗೂ ಈ ಕ್ರೀಡೆ ಪರಿಚಿತವಾಯಿತು. ಉತ್ತರ ಕನ್ನಡದ ತರುಣರಿಗೆ ಗೋವೆ ನೆರೆಯ ನಾಡು. ಅಲ್ಲಿಯ ಸ್ಪರ್ಧೆ ಅವರನ್ನು ಸೆಳೆಯುವುದು ಸಹಜವೇ ಆಗಿದೆ.

ಈ ಸ್ಪರ್ಧೆಯಲ್ಲಿ ಬಟ್ಟೆ, ಬೂಟು ಬದಲಿಸುವ ಸಮಯವೂ ಒಟ್ಟು ಕಾಲದಲ್ಲಿ ಸೇರುತ್ತದೆ. ನೀರಿನಿಂದ ಎದ್ದು ಬಂದ ಒದ್ದೆ ಪಾದಕ್ಕೆ ಕಾಲುಚೀಲ ಏರಿಸುವುದು ಸುಲಭವಲ್ಲ. ಆ ಕೆಲವು ಸೆಕೆಂಡುಗಳನ್ನು ಉಳಿಸಲೆಂದೇ ಸ್ಪರ್ಧಿಗಳು ಕಾಲುಚೀಲವನ್ನು ಬಿಡುತ್ತಾರೆ. ಕಾಲುಚೀಲ ಬಿಟ್ಟರೆ ಪಾದಕ್ಕೆ ಒಳ್ಳೆಯದೆಂಬ ಕಾರಣಕ್ಕೆ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಸೈಕಲ್ ಪಾದರಕ್ಷೆಯ ರಚನೆ

ಸಾಮಾನ್ಯ ಕ್ಯಾನ್ವಾಸ್ ಬೂಟಿನ ತಳ ಮೆತ್ತಗಿದ್ದು ಬಾಗುತ್ತದೆ. ನಡೆಯಲು ಅದು ಹಿತ. ಆದರೆ ಪೆಡಲ್ ತುಳಿಯುವಾಗ ಪಾದದ ಭಾರವೆಲ್ಲ ಒಂದೇ ಕಿರಿದಾದ ಜಾಗದ ಮೇಲೆ ಬೀಳುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ 90 ಕಿ.ಮೀ. ಸಾಗಲು 3 ಗಂಟೆ 36 ನಿಮಿಷ ಬೇಕು. ನಿಮಿಷಕ್ಕೆ 80 ಸುತ್ತು ತುಳಿದರೆ ಪ್ರತಿಯೊಂದು ಪಾದವೂ 17,000ಕ್ಕೂ ಹೆಚ್ಚು ಬಾರಿ ಪೆಡಲನ್ನು ಒತ್ತುತ್ತದೆ. ಅಂಗಾಲು ಉರಿಯುವುದು, ಬೆರಳು ಜೋಮು ಹಿಡಿಯುವುದು ಈ ಒತ್ತಡದಿಂದಲೇ. ಸೈಕಲ್ ಸವಾರರ ಬೂಟಿಗೆ ನೈಲಾನ್ ಅಥವಾ ಕಾರ್ಬನ್ ನಾರಿನ ಗಟ್ಟಿ ತಳವಿರುವುದರಿಂದ ಒತ್ತಡ ಪಾದದ ಮುಂಭಾಗದಲ್ಲೆಲ್ಲ ಹರಡುತ್ತದೆ.

ಈ ಬೂಟಿನ ತಳಕ್ಕೆ ‘ಕ್ಲೀಟ್’ ಎಂಬ ಸಣ್ಣ ಕೊಂಡಿಯನ್ನು ತಿರುಪಿನಿಂದ ಬಿಗಿದಿರುತ್ತಾರೆ. ಅದು ಪೆಡಲಿಗೆ ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಎರಡು ತಿರುಪಿನ ಕ್ಲೀಟ್ ಸಾಮಾನ್ಯವಾಗಿ ತಳದೊಳಗೆ ಹುದುಗಿರುವುದರಿಂದ ಇಳಿದು ನಡೆಯಲೂ ಅನುಕೂಲ. ಮೂರು ತಿರುಪಿನದು ತಳದಿಂದ ಹೊರಚಾಚಿರುತ್ತದೆ. ಅದು ಡಾಂಬರು ರಸ್ತೆಯ ವೇಗದ ಸವಾರಿಗೆ ಮೀಸಲು, ಅದನ್ನು ಧರಿಸಿ ನಡೆದರೆ ಜಾರುತ್ತದೆ. ಮಣ್ಣುದಾರಿಯಲ್ಲಿ ಆಗಾಗ ಇಳಿದು ನಡೆಯಬೇಕಾದ ನಮ್ಮ ಹಳ್ಳಿಗಳ ಸವಾರರಿಗೆ ಮೊದಲನೆಯದೇ ಲೇಸು.

ಟ್ರಯಥ್ಲಾನ್‌ಗೆಂದೇ ತಯಾರಾಗುವ ಬೂಟಿನಲ್ಲಿ ದಾರದ ಬದಲು ಒಂದೆರಡು ಅಗಲವಾದ ವೆಲ್ಕ್ರೋ ಪಟ್ಟಿಗಳಿರುತ್ತವೆ. ಹಿಮ್ಮಡಿಯ ಬಳಿ ಬೆರಳು ತೂರಿಸಿ ಎಳೆಯಲು ಒಂದು ಕುಣಿಕೆ, ನೀರು ಬಸಿದು ಗಾಳಿಯಾಡಲು ರಂಧ್ರಗಳು, ಒಳಗೆ ಹೊಲಿಗೆಯ ಗಂಟು ತಾಗದ ಮೆತ್ತನೆಯ ಪದರ ಇರುತ್ತವೆ. ಬರಿಗಾಲಿನಲ್ಲಿ ಧರಿಸಬಹುದಾದ ಬೂಟು ಇಂತಹುದು ಮಾತ್ರ. ಉಳಿದ ಬೂಟುಗಳನ್ನು ಕಾಲುಚೀಲದ ಮೇಲೆ ಧರಿಸಲೆಂದೇ ಮಾಡಲಾಗಿರುತ್ತದೆ.

ಆಯ್ಕೆಯ ಕ್ರಮ

ದಿನವಿಡೀ ಓಡಾಡಿದ ಪಾದ ಸಂಜೆಗೆ ತುಸು ಉಬ್ಬುತ್ತದೆ. ಆದುದರಿಂದ ಬೂಟನ್ನು ಸಂಜೆ ಕೊಳ್ಳಬೇಕು. ಎರಡೂ ಪಾದಗಳನ್ನು ಅಳೆದು, ದೊಡ್ಡ ಪಾದಕ್ಕೆ ಹೊಂದುವ ಅಳತೆಯನ್ನು ಆರಿಸಬೇಕು. ಬೆರಳುಗಳು ಒಳಗೆ ಸ್ವಲ್ಪ ಆಡುವಂತಿರಬೇಕು, ಹಿಮ್ಮಡಿ ಮೇಲೇಳಬಾರದು, ಮೀಗಾಲಿನ ಮೇಲೆ ಪಟ್ಟಿಯ ಬಿಗಿತ ನೋಯಿಸಬಾರದು. ಸ್ಪರ್ಧೆಯಲ್ಲಿ ಕಾಲುಚೀಲ ಧರಿಸುವವರು ಅದೇ ಕಾಲುಚೀಲದೊಡನೆ, ಧರಿಸದವರು ಬರಿಗಾಲಿನಲ್ಲಿ ಬೂಟನ್ನು ಹಾಕಿ ನೋಡಬೇಕು. ಒಳಗೆ ಕೈಯಾಡಿಸಿ ಹೊಲಿಗೆಯ ಗಂಟುಗಳನ್ನು ಪರೀಕ್ಷಿಸಬೇಕು. ಬೆರಳಿಗೆ ತಾಗಿದ ಗಂಟು ಮೂರು ಗಂಟೆಗಳ ಸವಾರಿಯಲ್ಲಿ ಗಾಯವಾಗುವುದು ಖಂಡಿತ. ಕ್ಲೀಟ್ ಹೆಬ್ಬೆರಳ ಬುಡದ ಉಬ್ಬಿನ ಕೆಳಗೆ ಅಥವಾ ಅದಕ್ಕಿಂತ ತುಸು ಹಿಂದೆ ಬರಬೇಕು. ಪಾದದ ಸಹಜವಾದ ಓರೆಗೆ ವಿರುದ್ಧವಾಗಿ ಅದನ್ನು ಬಿಗಿದರೆ ನೋಯುವುದು ಪಾದವಲ್ಲ, ಮೊಣಕಾಲು. ಬೆಲೆ ಹೆಚ್ಚಾದ ಬೂಟಿಗಿಂತ ಪಾದಕ್ಕೆ ಒಪ್ಪುವ ಬೂಟು ಮೇಲು.

ಗುಳ್ಳೆ ಏಳುವ ಬಗೆ

ಬೂಟು ಕಚ್ಚಿ ನೀರುಗುಳ್ಳೆ ಏಳುವುದು ಎಲ್ಲರ ಅನುಭವ. ಚರ್ಮದ ಮೇಲ್ಪದರ ಬೂಟಿಗೆ ಅಂಟಿಕೊಂಡು ಒಂದೆಡೆ ನಿಲ್ಲುತ್ತದೆ. ಒಳಗಿನ ಮೂಳೆ ಹೆಜ್ಜೆಹೆಜ್ಜೆಗೂ ಹಿಂದೆ ಮುಂದೆ ಜರುಗುತ್ತದೆ. ಈ ಎಳೆದಾಟದಲ್ಲಿ ಚರ್ಮದ ಪದರಗಳು ಒಳಗೇ ಬಿಟ್ಟುಕೊಂಡು, ನಡುವೆ ನೀರು ತುಂಬಿಕೊಳ್ಳುತ್ತದೆ. ಒಣ ಚರ್ಮಕ್ಕಿಂತ ತೇವಗೊಂಡ ಚರ್ಮದಲ್ಲಿ ಘರ್ಷಣೆ ಹೆಚ್ಚು. ಆದುದರಿಂದ ತೇವ, ಬಿಸಿ, ಉಜ್ಜುವಿಕೆ ಈ ಮೂರೂ ಕೂಡಿದಲ್ಲಿ ಗುಳ್ಳೆ ಬೇಗನೆ ಏಳುತ್ತದೆ. ಒಳ್ಳೆಯ ಕಾಲುಚೀಲ ಬೆವರನ್ನು ಹೊರಪದರಕ್ಕೆ ಎಳೆದು, ಉಜ್ಜುವಿಕೆಯನ್ನು ತಾನೇ ತಾಳಿಕೊಳ್ಳುತ್ತದೆ. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ದೀರ್ಘ ಸವಾರಿಗೆ, ಓಟಕ್ಕೆ ಅದು ತಕ್ಕುದಲ್ಲ. ಪಾಲಿಯೆಸ್ಟರ್, ನೈಲಾನ್ ಮಿಶ್ರಿತ ಅಥವಾ ನವುರಾದ ಉಣ್ಣೆಯ ಕಾಲುಚೀಲ ಉತ್ತಮ.

ಮಗನಿಗೆ ಉತ್ತರ

ಪೆಡಲ್ ಮೇಲೆ ಪಾದ ಬಹುಮಟ್ಟಿಗೆ ನಿಂತಲ್ಲೇ ಇರುತ್ತದೆ. ಓಟದಲ್ಲಿ ನೆಲಕ್ಕೆ ಅಪ್ಪಳಿಸಿ ಬೂಟಿನೊಳಗೆ ಜಾರುತ್ತದೆ. ಹೆಜ್ಜೆಗೆ ಒಂದು ಮೀಟರಿನಂತೆ ಲೆಕ್ಕ ಹಾಕಿದರೂ 21.1 ಕಿ.ಮೀ. ಓಟದಲ್ಲಿ ಪ್ರತಿ ಪಾದವೂ 10,000ಕ್ಕೂ ಹೆಚ್ಚು ಬಾರಿ ನೆಲವನ್ನು ಮುಟ್ಟುತ್ತದೆ. ಆದುದರಿಂದ ಆರೋಗ್ಯವಂತನಾದ ತರುಣನು ಕಿರುದೂರದ ಸ್ಪರ್ಧೆಯಲ್ಲಿ ಕಾಲುಚೀಲವಿಲ್ಲದೆ ಸಾಗಬಹುದು. ಗೋವೆಯಂತಹ ದೀರ್ಘ ಸ್ಪರ್ಧೆಯಲ್ಲಿ ಓಟಕ್ಕೆ ಮುನ್ನವಾದರೂ ಪಾದವನ್ನು ಒರೆಸಿಕೊಂಡು ಕಾಲುಚೀಲ ಧರಿಸುವುದು ವಿವೇಕ. ಅದಕ್ಕೆ ತಗಲುವುದು ಅರ್ಧ ನಿಮಿಷ; ಗುಳ್ಳೆ ಒಡೆದ ಪಾದದಿಂದ ಕುಂಟುತ್ತ ಸಾಗಿದರೆ ಕಳೆದುಹೋಗುವುದು ಹತ್ತಾರು ನಿಮಿಷ.

ಬರಿಗಾಲಿನಲ್ಲಿ ಬೂಟು ಧರಿಸುವ ರೂಢಿಯನ್ನು ಮೊದಲು ಹತ್ತು ನಿಮಿಷ, ಬಳಿಕ ಅರ್ಧ ಗಂಟೆ ಎಂಬಂತೆ ವಾರಗಟ್ಟಲೆ ಬೆಳೆಸಬೇಕು. ಹಿಮ್ಮಡಿಯ ಹಿಂದೆ, ಬೆರಳುಗಳ ತುದಿಗೆ, ಬೂಟಿನ ಒಳಗಿನ ಗಂಟುಗಳಿಗೆ ವ್ಯಾಸಲೀನ್ ಸವರಬೇಕು. ನೀರಿನಿಂದ ಎದ್ದಾಗ ಅಂಟಿದ ಮರಳನ್ನು ಒರೆಸದೆ ಪಾದವನ್ನು ಬೂಟಿನೊಳಗೆ ಇಳಿಸಬಾರದು. ಪಾದ ಕೆಂಪೇರಿ ಬಿಸಿಯೆನಿಸಿದರೆ ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು. ಅಭ್ಯಾಸದಲ್ಲಿ ಪ್ರಯೋಗಿಸದುದನ್ನು ಸ್ಪರ್ಧೆಯ ದಿನ ಮಾಡಲೇಬಾರದು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದದ್ದು ಬರಿಗಾಲಿನಲ್ಲಿ. 1964ರ ಟೋಕಿಯೋದಲ್ಲಿ ಗೆದ್ದದ್ದು ಬೂಟು ಧರಿಸಿ. ಎರಡೂ ಕಡೆ ಗೆದ್ದದ್ದು ಅಭ್ಯಾಸದಿಂದ ಹದಗೊಂಡ ಪಾದ.

ತಂದೆಗೆ ಉತ್ತರ

ಮೇಲೆ ಹೇಳಿದ ಒಂದು ಮಾತೂ ಮಧುಮೇಹಿಗಳಿಗೆ ಅನ್ವಯಿಸುವುದಿಲ್ಲ. ಮಗನ ಪಾದ ಉರಿದಾಗ ಉರಿಯು ಅವನನ್ನು ಎಚ್ಚರಿಸುತ್ತದೆ. ಬಹುಕಾಲದ ಮಧುಮೇಹದಲ್ಲಿ ಪಾದದ ನರಗಳು ಸ್ಪರ್ಶವನ್ನೂ ನೋವನ್ನೂ ಕಳೆದುಕೊಳ್ಳುತ್ತವೆ, ರಕ್ತಸಂಚಾರವೂ ಕುಗ್ಗುತ್ತದೆ. ಗುಳ್ಳೆ ಎದ್ದದ್ದು, ಒಡೆದದ್ದು, ಕೀವಾದದ್ದು ತಿಳಿಯುವುದೇ ಇಲ್ಲ. ತಿಳಿಯುವ ಹೊತ್ತಿಗೆ ಹುಣ್ಣು ಮೂಳೆಯವರೆಗೆ ಇಳಿದಿರಬಹುದು. ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ದುರ್ದೆಸೆ ಹೀಗೆಯೇ ಒದಗುತ್ತದೆ. ನೋವಿಲ್ಲವೆಂಬುದು ಇಲ್ಲಿ ಆರೋಗ್ಯದ ಲಕ್ಷಣವಲ್ಲ, ಅಪಾಯದ ಲಕ್ಷಣ.

ಆದುದರಿಂದ ಆ ಹಿರಿಯರು ಸೈಕಲ್ ಬಿಡಬೇಕಾಗಿಲ್ಲ, ಕಾಲುಚೀಲವನ್ನು ಬಿಡಬಾರದು. ಬೆರಳು ಮುಚ್ಚುವ, ಹಿಮ್ಮಡಿಯನ್ನು ಹಿಡಿದಿಡುವ, ತುಸು ಗಟ್ಟಿ ತಳದ ಬೂಟು ಧರಿಸಲಿ; ಕ್ಲೀಟ್ ಬೇಡ, ಸಾಮಾನ್ಯ ಪೆಡಲ್ ಸಾಕು. ಕಾಲುಚೀಲ ಹೊಲಿಗೆ ಒತ್ತದ, ಮೇಲಂಚು ಬಿಗಿಯದ, ತಿಳಿಬಣ್ಣದ್ದಾಗಿರಲಿ. ರಕ್ತ ಅಥವಾ ಕೀವಿನ ಕಲೆ ಅದರ ಮೇಲೆ ಬೇಗನೆ ಕಾಣುತ್ತದೆ. ಮಳೆಗಾಲದಲ್ಲಿ ಇನ್ನೊಂದು ಜೊತೆಯನ್ನು ಚೀಲದಲ್ಲಿಟ್ಟುಕೊಂಡು, ಒದ್ದೆಯಾದುದನ್ನು ಕೂಡಲೇ ಬದಲಿಸಬೇಕು. ಬೂಟು ಧರಿಸುವ ಮುನ್ನ ಒಳಗೆ ಹರಳು, ಮುಳ್ಳು ಇದೆಯೇ ಎಂದು ನೋಡಬೇಕು. ಹೊಸ ಬೂಟನ್ನು ಮೊದಲ ದಿನಗಳಲ್ಲಿ ಒಂದೆರಡು ಗಂಟೆ ಮಾತ್ರ ಧರಿಸಬೇಕು. ಪ್ರತಿ ರಾತ್ರಿ ಪಾದ ತೊಳೆದು, ಬೆರಳ ಸಂದಿಗಳನ್ನು ಚೆನ್ನಾಗಿ ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕಣ್ಣು ಮಂಜಾದವರಿಗೆ ಮನೆಯವರು ನೋಡಿ ಹೇಳಬೇಕು. ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದದ ಸ್ಪರ್ಶಶಕ್ತಿಯ ಪರೀಕ್ಷೆ ಆಗಬೇಕು.

ಮಠ-ಮಂದಿರಗಳಿಗೆ ಬರುವ ಮಧುಮೇಹಿ ಭಕ್ತರಿಗೂ ಒಂದು ಮಾತು. ಬೇಸಿಗೆಯ ಮಧ್ಯಾಹ್ನ ಬಿಸಿಲೇರಿದ ಕಲ್ಲುಹಾಸು ಸ್ಪರ್ಶವಿಲ್ಲದ ಪಾದವನ್ನು ಅರಿವಿಗೆ ಬಾರದಂತೆ ಸುಡುತ್ತದೆ. ಮುಂಜಾನೆ ಇಲ್ಲವೆ ಸಂಜೆ ದರ್ಶನಕ್ಕೆ ಬರುವುದು ಕ್ಷೇಮ. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಲ್ಲಿ ಮಧುಮೇಹಿಗಳಿದ್ದರೆ ಬರಿಗಾಲಿನ ಹರಕೆ ಹೊರುವ ಮುನ್ನ ವೈದ್ಯರನ್ನೂ ಗುರುಗಳನ್ನೂ ಕೇಳಿ ತೀರ್ಮಾನಿಸಬೇಕು.

ಗುಳ್ಳೆ ಎದ್ದಾಗ

ಸಣ್ಣ ಗುಳ್ಳೆಯನ್ನು ಒಡೆಯಬಾರದು. ಸೋಪು ನೀರಿನಿಂದ ತೊಳೆದು, ಒರೆಸಿ, ಸ್ವಚ್ಛವಾದ ಪಟ್ಟಿ ಕಟ್ಟಿದರೆ ಸಾಕು. ನಡೆಯಲಾಗದಷ್ಟು ದೊಡ್ಡದಾದರೆ ಅದನ್ನು ವೈದ್ಯರಿಂದಲೋ ದಾದಿಯರಿಂದಲೋ ಅಂಚಿನಲ್ಲಿ ಚುಚ್ಚಿಸಿ ನೀರು ತೆಗೆಸಬೇಕು. ಮೇಲಿನ ಚರ್ಮವನ್ನು ಕಿತ್ತೆಸೆಯಬಾರದು. ಗಾಯಕ್ಕೆ ಅದೇ ಹೊದಿಕೆ. ಸುತ್ತಲೂ ಕೆಂಪೇರುವುದು, ಕೀವು, ದುರ್ವಾಸನೆ, ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಧುಮೇಹಿಗಳಾದರೆ ಗುಳ್ಳೆ ಎಷ್ಟೇ ಚಿಕ್ಕದಿರಲಿ, ಮೊದಲ ದಿನವೇ ವೈದ್ಯರಿಗೆ ತೋರಿಸಬೇಕು.

ದೇಹವನ್ನು ತಿರಸ್ಕರಿಸದೆ, ಅದನ್ನು ಕಾಯಕದ ಮತ್ತು ಸಾಧನೆಯ ನೆಲೆಯೆಂದು ಕಂಡದ್ದು ಶರಣರ ಮಾರ್ಗ. ಸನವಳ್ಳಿಯ ಆ ತರುಣನಿಗೆ ಕಾಲುಚೀಲ ಬಿಡುವುದು ಕೆಲವು ಸೆಕೆಂಡುಗಳ ಲೆಕ್ಕಾಚಾರ. ಅವನ ತಂದೆಗೆ ಅದನ್ನು ಧರಿಸುವುದು ಬಾಳಿನುದ್ದದ ರಕ್ಷಣೆ. ಮಗನು ಅಭ್ಯಾಸ ಮುಗಿಸಿ ಬಂದ ಸಂಜೆ ತನ್ನ ಪಾದವನ್ನು ನೋಡಿಕೊಳ್ಳುವಾಗ, ದೀಪದ ಬೆಳಕಿನಲ್ಲಿ ತಂದೆಯ ಅಂಗಾಲನ್ನೂ ಒಮ್ಮೆ ನೋಡಲಿ. ಆ ತಾಯಿಯವರ ಪ್ರಶ್ನೆಗೆ ನಾವು ಕೊಡಬಹುದಾದ ಉತ್ತರ ಇದು. ಶರಣು ಶರಣಾರ್ಥಿ.