ಅಳೆಯುವುದಕ್ಕೆ ಮೊದಲು ಆರಿಸುವ ಬಗೆ

ಬಂಕಾಪುರದ ಹಳೆಯ ಕೋಟೆಯೊಳಗೆ ಇಂದು ನವಿಲುಧಾಮವಿದೆ. ಅಲ್ಲಿಗೆ ಹೋದ ವಿದ್ಯಾರ್ಥಿಯೊಬ್ಬನು ಬಯಲಿಗೆ ಬಂದು ಗರಿಗೆದರಿ ಕುಣಿಯುವ ಹಕ್ಕಿಗಳನ್ನು ಮಾತ್ರ ನೋಡಿ, ‘ನವಿಲುಗಳಿಗೆಲ್ಲ ಉದ್ದವಾದ ಗರಿಗಳುಂಟು’ ಎಂದು ಬರೆದುಕೊಂಡನೆಂದು ಭಾವಿಸೋಣ. ಅವನ ಕಣ್ಣು ಮೋಸಹೋಗಿಲ್ಲ, ಎಣಿಕೆಯೂ ತಪ್ಪಿಲ್ಲ. ಆದರೂ ತೀರ್ಮಾನ ತಪ್ಪು. ಪೊದೆಯ ಮರೆಯಲ್ಲಿದ್ದ ಹೆಣ್ಣು ನವಿಲುಗಳೂ ಮರಿಗಳೂ ಅವನ ಲೆಕ್ಕಕ್ಕೆ ಸಿಕ್ಕಲೇ ಇಲ್ಲ. ಮನುಷ್ಯದೇಹದ ಶಕ್ತಿಯನ್ನು ಅಳೆಯಹೊರಟ ವ್ಯಾಯಾಮ ವಿಜ್ಞಾನಕ್ಕೂ ಇದೇ ತೊಡಕು ಎದುರಾಗುತ್ತದೆ. ಟ್ರಯಥ್ಲಾನ್ ಸ್ಪರ್ಧಿಗಳ ನಿದರ್ಶನದಿಂದ ಇದನ್ನು ಪರಿಶೀಲಿಸೋಣ.

ಈಜು, ಸೈಕಲ್ ಸವಾರಿ, ಓಟ—ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಮುಗಿಸುವ ಸ್ಪರ್ಧೆಯೇ ಟ್ರಯಥ್ಲಾನ್. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಈ ಹೆಸರಿನ ಸ್ಪರ್ಧೆಯೊಂದು ನಡೆಯಿತು. 2000ದ ಸಿಡ್ನಿ ಒಲಿಂಪಿಕ್ ಕೂಟದಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಒಲಿಂಪಿಕ್ ಕ್ರಮದಲ್ಲಿ 1.5 ಕಿಲೋಮೀಟರು ಈಜು, 40 ಕಿಲೋಮೀಟರು ಸೈಕಲ್, 10 ಕಿಲೋಮೀಟರು ಓಟ. ಇದನ್ನು ಜೀವನೋಪಾಯಕ್ಕಾಗಿಯಲ್ಲದೆ, ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಅಭ್ಯಸಿಸುವವರೇ ಹವ್ಯಾಸಿಗಳು.

ಶರೀರಶಾಸ್ತ್ರಜ್ಞನಿಗೆ ಇವರು ಬೇಕಾಗುವುದೇಕೆ? ಈಜಿನಲ್ಲಿ ತೋಳುಗಳಿಗೆ ಹೆಚ್ಚು ದುಡಿಮೆ. ಸೈಕಲ್ಲಿನಲ್ಲಿಯೂ ಓಟದಲ್ಲಿಯೂ ಕಾಲುಗಳಿಗೆ. ಓಟಗಾರನೊಬ್ಬನನ್ನು ಈಜುಗಾರನೊಬ್ಬನೊಡನೆ ಹೋಲಿಸಿದರೆ ವಯಸ್ಸು, ಮೈಕಟ್ಟು, ಆಹಾರ ಮುಂತಾದ ನೂರು ಭೇದಗಳು ನಡುವೆ ನುಸುಳುತ್ತವೆ. ಮೂರನ್ನೂ ಬಲ್ಲವನಲ್ಲಾದರೋ ಅದೇ ಹೃದಯ, ಅದೇ ಶ್ವಾಸಕೋಶ. ಬದಲಾಗುವುದು ಕೆಲಸ ಮಾತ್ರ. ಅಳತೆಯ ವಿಧಾನವನ್ನು ರೂಪಿಸಿದವರಲ್ಲಿ 1922ರ ನೊಬೆಲ್ ಪಾರಿತೋಷಕ ಪಡೆದ ಎ. ವಿ. ಹಿಲ್ ಪ್ರಮುಖರು. ಓಡುವವನು ಹೊರಬಿಟ್ಟ ಉಸಿರನ್ನು ಚೀಲವೊಂದರಲ್ಲಿ ಹಿಡಿದು, ದೇಹವು ಬಳಸಿದ ಆಮ್ಲಜನಕದ ಪ್ರಮಾಣವನ್ನು ಅವರು ಲೆಕ್ಕಹಾಕಿದರು. ಈಗ ಚೀಲದ ಬದಲು ಮುಖವಾಡವೂ ಯಂತ್ರಗಳೂ ಬಂದಿವೆ. ತತ್ತ್ವ ಮಾತ್ರ ಅದೇ.

ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಅದರ ಮುಂದೆ ನಿಲ್ಲುವವರು ಯಾರು ಎಂಬುದನ್ನು ಅದು ನಿರ್ಧರಿಸಲಾರದು. ವಿಶ್ವವಿದ್ಯಾನಿಲಯವೊಂದು ‘ಇಷ್ಟು ಕಠಿಣ ಅಭ್ಯಾಸದಿಂದ ಮೊಣಕಾಲಿಗೆ ಹಾನಿಯುಂಟೆ?’ ಎಂದು ತಿಳಿಯಬಯಸಿ, ನಗರದ ಕ್ರೀಡಾಸಂಘದ ಗೋಡೆಗೆ ಪ್ರಕಟಣೆ ಅಂಟಿಸಿತೆನ್ನೋಣ. ಬರುವವರು ಯಾರು? ಇಂದಿಗೂ ಅಭ್ಯಾಸ ಮಾಡುತ್ತಿರುವವರು. ಮೊಣಕಾಲು ಕೆಟ್ಟವರು ಆಗಲೇ ಸಂಘವನ್ನು ಬಿಟ್ಟು ಮನೆ ಸೇರಿರುತ್ತಾರೆ. ಬಂದವರ ಮೊಣಕಾಲುಗಳೆಲ್ಲ ಗಟ್ಟಿಯಾಗಿರುವುದನ್ನು ಕಂಡು ‘ಹಾನಿಯಿಲ್ಲ’ ಎಂದು ಬರೆದರೆ, ಅದು ಕುಣಿಯುವ ನವಿಲುಗಳ ಎಣಿಕೆಯೇ ಸರಿ. 1978ರಲ್ಲಿ ಹವಾಯಿಯಲ್ಲಿ ನಡೆದ ಮೊದಲ ‘ಐರನ್‌ಮ್ಯಾನ್’ ಸ್ಪರ್ಧೆಯಲ್ಲಿ ಹೊರಟವರು 15 ಮಂದಿ, ಮುಗಿಸಿದವರು 12. ಕೊನೆಯ ಗೆರೆಯ ಬಳಿ ನಿಂತು ಕಾದ ಸಂಶೋಧಕನಿಗೆ ಉಳಿದ ಮೂವರು ಕಾಣಸಿಗುವುದಿಲ್ಲ. ದೇಹದ ಮಿತಿಯೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಆ ಮೂವರಲ್ಲಿಯೇ ಇದ್ದಿರಬಹುದು.

ಒಬ್ಬನನ್ನೇ ಆಳವಾಗಿ ಪರೀಕ್ಷಿಸುವುದರಿಂದ ಲಾಭವಿಲ್ಲವೆ? ಲಾಭವುಂಟು, ಮಿತಿಯೂ ಉಂಟು. ಬಾಸ್ಟನ್ ಮ್ಯಾರಥಾನನ್ನು ಏಳು ಸಲ ಗೆದ್ದ ಕ್ಲಾರೆನ್ಸ್ ಡಿಮಾರ್ ವೃತ್ತಿಯಿಂದ ಮುದ್ರಣಾಲಯದ ಕೆಲಸಗಾರ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಆತನನ್ನು ಓಡಿಸಿ ನೋಡಿದಾಗ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಇತರರಲ್ಲಿ ಏರುವಷ್ಟು ಏರಲಿಲ್ಲ. 1958ರಲ್ಲಿ ಆತ ತೀರಿಕೊಂಡ ಮೇಲೆ ನಡೆದ ಪರೀಕ್ಷೆಯ ವರದಿ 1961ರಲ್ಲಿ ಪ್ರಕಟವಾಯಿತು. ಹೃದಯಕ್ಕೆ ರಕ್ತವೊಯ್ಯುವ ಧಮನಿಗಳು ಸಾಮಾನ್ಯರವುಗಳಿಗಿಂತ ಎರಡು ಮೂರು ಪಾಲು ಅಗಲವಾಗಿದ್ದುವು. ಅವು ಓಟದಿಂದ ಅಗಲವಾದುವೋ, ಅಗಲವಾಗಿದ್ದುದರಿಂದಲೇ ಆತ ಅಂತಹ ಓಟಗಾರನಾದನೋ? ಒಂದೇ ದೇಹದಿಂದ ಇದನ್ನು ನಿರ್ಣಯಿಸಲಾಗದು.

ಆದುದರಿಂದ ವಿವೇಕಿಯಾದ ಸಂಶೋಧಕನು ಮೊದಲು ಪ್ರಶ್ನೆಯನ್ನು ಖಚಿತಪಡಿಸಿಕೊಳ್ಳುತ್ತಾನೆ. ವಯಸ್ಸೆಷ್ಟು, ಅಭ್ಯಾಸ ಎಷ್ಟು ವರ್ಷದ್ದು, ಯಾವ ಕಾಯಿಲೆಯಿದ್ದವರನ್ನು ಬಿಡಬೇಕು ಎಂಬುದನ್ನು ಮುಂಚೆಯೇ ಬರೆದಿಡುತ್ತಾನೆ. ಸಂಘಗಳಿಗಷ್ಟೇ ಅಲ್ಲದೆ ಸ್ಪರ್ಧೆಗಳ ಹಳೆಯ ಪಟ್ಟಿಗಳಲ್ಲಿರುವವರಿಗೂ, ಬಿಟ್ಟುಹೋದವರಿಗೂ, ಸ್ತ್ರೀಯರಿಗೂ, ಸಣ್ಣ ಊರುಗಳವರಿಗೂ ಕರೆ ತಲಪಿಸುತ್ತಾನೆ. ಕರೆದವರೆಷ್ಟು, ಒಪ್ಪಿದವರೆಷ್ಟು, ನಡುವೆ ನಿಂತವರೆಷ್ಟು ಎಂಬ ಲೆಕ್ಕವನ್ನು ವರದಿಯಲ್ಲಿ ಮರೆಮಾಚದೆ ಕೊಡುತ್ತಾನೆ. ನಗರದ ಇಪ್ಪತ್ತು ತರುಣರಿಂದ ಪಡೆದ ಅಂಕಿಗಳನ್ನು ಶಿಗ್ಗಾವಿಯ ಹೊಲದಲ್ಲಿ ದುಡಿದು, ಸಂಜೆ ಸೈಕಲ್ ತುಳಿಯುವವನಿಗೆ ನೇರವಾಗಿ ಅನ್ವಯಿಸುವುದಿಲ್ಲ.

ಇನ್ನು ಬರುವವನ ಹಕ್ಕು. ದಣಿವಿನ ತುದಿಯವರೆಗೆ ದೇಹವನ್ನು ದುಡಿಸುವ ಪರೀಕ್ಷೆಯಲ್ಲಿ ಅಪಾಯ ಸ್ವಲ್ಪವಾದರೂ ಉಂಟು. 1964ರಲ್ಲಿ ವಿಶ್ವ ವೈದ್ಯಕೀಯ ಸಂಘವು ಹೆಲ್ಸಿಂಕಿಯಲ್ಲಿ ಹೊರಡಿಸಿದ ಘೋಷಣೆಯೂ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗದರ್ಶಿ ಸೂತ್ರಗಳೂ ಇದಕ್ಕೆ ಕಟ್ಟುಪಾಡುಗಳನ್ನು ವಿಧಿಸಿವೆ. ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಕೆಲಸ ಆರಂಭವಾಗಕೂಡದು. ಉದ್ದೇಶ, ಕ್ರಮ, ಅಪಾಯ ಇವನ್ನು ಭಾಗವಹಿಸುವವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಒಪ್ಪಿ ಬಂದವನು ಯಾವ ಗಳಿಗೆಯಲ್ಲಿಯಾದರೂ ಹಿಂದೆ ಸರಿಯಬಹುದು. ಹದಿನೆಂಟು ತುಂಬದವರಾದರೆ ತಂದೆತಾಯಿಗಳ ಅನುಮತಿ ಅವಶ್ಯ. ಅಧ್ಯಾಪಕನು ತನ್ನ ಶಿಷ್ಯನನ್ನು, ತರಬೇತುದಾರನು ತನ್ನ ಆಟಗಾರನನ್ನು ಒತ್ತಾಯಿಸಿ ಕರೆತಂದರೆ ಅದು ಒಪ್ಪಿಗೆಯೆನಿಸದು.

ವಾಚಕರು ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ‘ನಾಡಿ ಎಣಿಸಿಕೊಳ್ಳಲು ಯಾರು ಮುಂದೆ ಬರುತ್ತೀರಿ?’ ಎಂದು ಕೇಳಿ, ಮೊದಲು ಕೈಯೆತ್ತಿದ ಹತ್ತು ಮಂದಿಯ ನಾಡಿಯನ್ನು, ಕುಳಿತು ವಿಶ್ರಮಿಸಿದ ಮೇಲೆ, ಒಂದು ನಿಮಿಷ ಎಣಿಸಿ ಸರಾಸರಿ ತೆಗೆಯಿರಿ. ಬಳಿಕ ಎಲ್ಲರ ಹೆಸರುಗಳನ್ನೂ ಚೀಟಿಗಳಲ್ಲಿ ಬರೆದು ಹತ್ತನ್ನು ಎತ್ತಿ, ಅದೇ ರೀತಿ ಎಣಿಸಿರಿ. ಎರಡು ಸರಾಸರಿಗಳು ಬೇರೆಯಾದರೆ ಕಾರಣವನ್ನು ಯೋಚಿಸಿರಿ. ಒಂದೇ ಸಲದ ಭೇದ ಆಕಸ್ಮಿಕವೂ ಆಗಿರಬಹುದಾದುದರಿಂದ ಚೀಟಿಯೆತ್ತುವುದನ್ನು ಮತ್ತೆ ಮತ್ತೆ ಮಾಡಿ ನೋಡಿರಿ. ಚೀಟಿ ಬಂದವರಲ್ಲಿ ಯಾರಾದರೂ ‘ನಾನು ಒಲ್ಲೆ’ ಎಂದರೆ ಒತ್ತಾಯಿಸಬೇಡಿ. ‘ಒಬ್ಬರು ಒಪ್ಪಲಿಲ್ಲ’ ಎಂದು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಆ ಒಂದು ಸಾಲೂ ನಿಮ್ಮ ಅಳತೆಯ ಭಾಗವೇ.