ಹಾಲೊಡೆದ ನೀರಿನಲ್ಲಿರುವ ಸಕ್ಕರೆ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಮಿತ್ರರೊಬ್ಬರು ಮಿಠಾಯಿ ಅಂಗಡಿಯ ಕೆಲಸದವರು. ಪನೀರು ಹಿಂಡಿ ಉಳಿದ ನೀರನ್ನು ದಿನವೂ ಮೋರಿಗೆ ಸುರಿಯುವುದು ಅವರ ಪಾಲಿನ ಕೆಲಸ. “ನಾತಕ್ಕೆ ನೆರೆಯವರು ನನ್ನನ್ನೇ ಬಯ್ಯುತ್ತಾರೆ. ಈ ನೀರಿನಿಂದ ಏನೂ ಪ್ರಯೋಜನವಿಲ್ಲವೇ?” ಎಂದು ಕೇಳಿದರು. ನಾವು ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಲೆಕ್ಕ, ಗುಮಾಸ್ತರಿಗೆ ಅದೇ ಸುಲಭ. 100 ಲೀಟರು ಹಾಲು ಒಡೆಸಿದರೆ ಸುಮಾರು 80 ಲೀಟರು ನೀರು ಉಳಿಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ 4 ಕಿಲೋ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸು, ಇರುತ್ತದೆ. ಮೋರಿ ಸೇರಿದ ಮೇಲೆ ಇದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ನಾತ ಹುಟ್ಟುವುದು ಹೀಗೆ. ಹೊಳೆಗೆ ಬಿದ್ದರೆ ಮೀನುಗಳೇ ಸಾಯುತ್ತವೆ.

ಆ ಸಕ್ಕರೆಯನ್ನೇ ಬಳಸಬಾರದೇಕೆ? ಅದರ ಸಿಹಿ ನಾವು ಚಹಾಕ್ಕೆ ಹಾಕುವ ಸಕ್ಕರೆಯ ಐದರಲ್ಲೊಂದು ಪಾಲಿನಷ್ಟು ಮಾತ್ರ. ಸರಿಯಾಗಿ ಕರಗದೆ ಮರಳಿನಂತೆ ಹರಳುಗಟ್ಟುತ್ತದೆ. ದೊಡ್ಡವರಲ್ಲಿ ಅನೇಕರಿಗೆ ಅರಗುವುದೂ ಇಲ್ಲ. (ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ನಮ್ಮ ಕೋಣೆಯ ಗೆಳೆಯರು ನಾಚಬೇಕಾಗಿಲ್ಲ, ಬಹಳ ಮಂದಿಗೆ ಕಾರಣ ಇದೇ.) ಇದನ್ನು ಗ್ಲೂಕೋಸು, ಗ್ಯಾಲಕ್ಟೋಸು ಎಂಬ ಎರಡು ಚಿಕ್ಕ ಸಕ್ಕರೆಗಳಾಗಿ ಸೀಳುವ ಕಿಣ್ವವೇ ಲ್ಯಾಕ್ಟೇಸ್. ಸೀಳಿದ ಮೇಲೆ ಸಿಹಿಯೂ ಕರಗುವ ಗುಣವೂ ಹೆಚ್ಚುತ್ತವೆ. ಪಾಕ ಮಾಡಿ ಐಸ್‌ಕ್ರೀಮು, ಬಿಸ್ಕತ್ತುಗಳಿಗೆ ಹಾಕಬಹುದು.

ತೊಡಕು ಖರ್ಚಿನದು. ಕಿಣ್ವವನ್ನು ನೀರಿಗೆ ಬೆರೆಸಿದರೆ ಅದು ನೀರಿನೊಡನೆಯೇ ಹೋಗಿಬಿಡುತ್ತದೆ. ಪ್ರತಿ ಸಲವೂ ಹೊಸದು ಬೇಕು. ಆದ್ದರಿಂದ ಅದನ್ನು ಸಿಲಿಕಾದ ಸಣ್ಣ ಮಣಿಗಳಿಗೆ ಅಂಟಿಸಿ, ಮಣಿಗಳನ್ನು ಕೊಳವೆಯಲ್ಲಿ ತುಂಬಿ, ಒಂದು ತುದಿಯಿಂದ ನೀರು ಹರಿಸುತ್ತಾರೆ. ಗಿರಣಿಯಲ್ಲಿ ಮಗ್ಗ ನೆಲಕ್ಕೆ ಬಿಗಿದಿರುತ್ತದೆ, ನೂಲು ಹಾದುಹೋಗುತ್ತದೆ, ಇದೂ ಹಾಗೆಯೇ. ಕಟ್ಟಿಹಾಕಿದ ಕಿಣ್ವವನ್ನು ಕಾರ್ಖಾನೆಯಲ್ಲಿ ಮೊದಲು ದುಡಿಸಿದ್ದು ಜಪಾನಿನ ತನಾಬೆ ಕಂಪನಿ, 1969ರಲ್ಲಿ. ಅದು ಅಮೈನೋ ಆಮ್ಲಗಳಿಗಾಗಿ. 1970ರ ದಶಕದಲ್ಲಿ ಇಟಲಿಯ ಮಿಲಾನಿನಲ್ಲಿ ಯೀಸ್ಟಿನ ಲ್ಯಾಕ್ಟೇಸನ್ನು ಸೆಲ್ಯುಲೋಸಿನ ಎಳೆಗಳೊಳಗೆ ಸೆರೆಹಿಡಿದು ಹಾಲಿನ ಸಕ್ಕರೆ ಸೀಳಿದರು. ನೂಲಿನ ನಡುವೆ ಬದುಕುವ ನಮಗೆ ಈ ಎಳೆಯ ಉಪಾಯ ಬಹಳ ಹಿಡಿಸಿತು.

ಆದರೆ ಎಲ್ಲವೂ ಸಲೀಸಲ್ಲ. ಹುಳಿ ನೀರಿಗೆ ಬೂಷ್ಟಿನಿಂದ ತೆಗೆದ ಲ್ಯಾಕ್ಟೇಸ್ ಬೇಕು, ಹುಳಿಯಿಲ್ಲದ್ದಕ್ಕೆ ಯೀಸ್ಟಿನದು. ನೀರಿನಲ್ಲಿ ಉಳಿದ ಪ್ರೋಟೀನು ಮಣಿಗಳಿಗೆ ಮೆತ್ತಿಕೊಳ್ಳುತ್ತದೆ, ಕ್ರಿಮಿಗಳು ಬೆಳೆಯುತ್ತವೆ. ಮೊದಲೇ ಸೋಸಬೇಕು, ಕೊಳವೆಯನ್ನು ಮತ್ತೆ ಮತ್ತೆ ತೊಳೆಯಬೇಕು. ಕಿಣ್ವದ ಬಲವೂ ದಿನದಿನಕ್ಕೆ ಕುಂದುತ್ತದೆ. ದೊಡ್ಡ ಡೈರಿಗೆ ಇದು ಗಿಟ್ಟೀತು, ಮಿಠಾಯಿ ಅಂಗಡಿಗೆ ಖಂಡಿತ ಇಲ್ಲ.

ಮಿತ್ರರಿಗೆ ಇಷ್ಟು ಹೇಳಿದೆವು: ಬಿಸಿ ಆರಿದೊಡನೆ ಆ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಬೇಳೆ ಬೇಯಿಸಿ, ಮರುದಿನಕ್ಕೆ ಇಡಬೇಡಿ. ಮಾಲೀಕರು ಒಪ್ಪಿ, ಈಗ ಎರಡು ಕೊಡ ನೀರು ಅಡಿಗೆಮನೆಗೆ ಹೋಗುತ್ತಿದೆಯಂತೆ. ಮಿಕ್ಕದ್ದು ಇನ್ನೂ ಮೋರಿಗೇ.