ಊರು ಕಟ್ಟುವ ಬಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಕನ್ನಡಿಗರೆಲ್ಲರೂ ಬಲ್ಲ ಗಾದೆ. ಒಂದು ಮನೆಯನ್ನು ಕಟ್ಟುವುದೇ ಇಷ್ಟು ಪ್ರಯಾಸದ ಕಾರ್ಯವಾದರೆ, ಲಕ್ಷಾಂತರ ಮನೆಗಳುಳ್ಳ ನಗರವೊಂದನ್ನು ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ಯಾರಾದರೂ ಊಹಿಸಬಹುದು. ಮನೆ ಕಟ್ಟುವವನು ತನ್ನ ಸಂಸಾರದ ಅನುಕೂಲವನ್ನು ನೋಡಿಕೊಂಡರೆ ಸಾಕು. ನಗರ ಕಟ್ಟುವವರಾದರೋ ಇನ್ನೂ ಊರಿಗೆ ಬಾರದ ಜನರ, ಇನ್ನೂ ಹುಟ್ಟದ ಮಕ್ಕಳ ಅನುಕೂಲವನ್ನೂ ನೋಡಬೇಕಾಗುತ್ತದೆ. ಬೀದಿ ಎಲ್ಲಿ ಹಾಯಬೇಕು, ನೀರು ಎಲ್ಲಿಂದ ಬರಬೇಕು, ಕೊಳೆ ಎಲ್ಲಿಗೆ ಹರಿಯಬೇಕು, ಮಕ್ಕಳು ಎಲ್ಲಿ ಆಡಬೇಕು ಎಂಬುದನ್ನು ಮುಂದಾಗಿ ಆಲೋಚಿಸಿ ನಿರ್ಧರಿಸುವ ಈ ಕಾರ್ಯಕ್ಕೆ ನಗರ ಯೋಜನೆಯೆಂದು ಹೆಸರು.

ಈ ಆಲೋಚನೆ ನಾಡಿಗೆ ಹೊಸತಲ್ಲ. 1537ರಲ್ಲಿ ಕೆಂಪೇಗೌಡರು ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದರೆಂದು ಇತಿಹಾಸ ಹೇಳುತ್ತದೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳು ಅಲ್ಲಿಯ ಕಸುಬುಗಳನ್ನು ಇಂದಿಗೂ ನೆನಪಿಗೆ ತರುತ್ತವೆ. ಪೇಟೆಯೊಡನೆ ಕೆರೆಯೂ ಇರಬೇಕೆಂಬುದನ್ನು ಆ ಕಾಲದವರು ಮರೆಯಲಿಲ್ಲ; ದೊಡ್ಡ ನದಿಯಿಲ್ಲದ ಊರಿಗೆ ಕೆರೆಯೇ ಜೀವವೆಂದು ಅವರು ಅರಿತಿದ್ದರು.

ಆದರೆ ಕಾಲ ಸರಿದಂತೆ ಪೇಟೆಯ ಬೀದಿಗಳಲ್ಲಿ ಜನ ಕಿಕ್ಕಿರಿದರು. ಮನೆಗೆ ಮನೆ ಅಂಟಿಕೊಂಡಿತು. ಗಾಳಿ ಬೆಳಕುಗಳಿಗೆ ಎಡೆಯಿಲ್ಲದಾಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಇಲಿಗಳ ಮೈಮೇಲಿನ ಚಿಗಟಗಳಿಂದ ಹರಡುವ ಆ ರೋಗಕ್ಕೆ ಇಕ್ಕಟ್ಟಾದ, ಕತ್ತಲೆ ತುಂಬಿದ ಮನೆಗಳು ಒಳ್ಳೆಯ ನೆಲೆಯಾದವು. ಸಾವಿರಾರು ಜನ ಮಡಿದರು. ಉಳಿದವರು ಮನೆಗಳಿಗೆ ಬೀಗ ಹಾಕಿ ಊರಾಚೆಯ ಬಯಲುಗಳಲ್ಲಿ ಗುಡಿಸಲು ಹಾಕಿಕೊಂಡರು. ಊರು ಚೆನ್ನಾಗಿರದಿದ್ದರೆ ಚೆನ್ನಾದ ಮನೆಯೂ ಕಾಪಾಡಲಾರದೆಂಬ ಪಾಠವನ್ನು ಆ ಮಹಾಮಾರಿ ಕಲಿಸಿತು.

ಅದರ ಫಲವಾಗಿ ಬಸವನಗುಡಿ, ಮಲ್ಲೇಶ್ವರ ಎಂಬ ಎರಡು ಬಡಾವಣೆಗಳು ಬೆಳೆದವು. ಇವುಗಳ ಬೀದಿಗಳು ನೇರವಾಗಿದ್ದವು, ಅಗಲವಾಗಿದ್ದವು, ಇಕ್ಕೆಲಗಳಲ್ಲಿ ಮರಗಳಿದ್ದವು. ಮನೆಗಳ ಹಿಂಬದಿಯಲ್ಲಿ ಕಿರಿದಾದ ಓಣಿಗಳನ್ನು ಬಿಡಲಾಗಿತ್ತು. ಮಲವನ್ನು ಸಾಗಿಸುವ ಕೆಲಸದವರು ಓಡಾಡುವುದಕ್ಕೆಂದು ಆ ಓಣಿಗಳು ಏರ್ಪಟ್ಟವು. ಮುಂಬಾಗಿಲು ಒಬ್ಬರಿಗೆ, ಹಿಂದಿನ ಓಣಿ ಮತ್ತೊಬ್ಬರಿಗೆ ಎಂಬ ಭೇದವನ್ನೂ ಆ ಕಾಲದ ನಕ್ಷೆ ತನ್ನ ಗೆರೆಗಳಲ್ಲಿ ಬರೆದುಕೊಂಡಿತ್ತು. ನಗರದ ನಕ್ಷೆಯು ಸಮಾಜದ ಕನ್ನಡಿಯೂ ಹೌದು ಎಂಬುದಕ್ಕೆ ಇದೊಂದು ನಿದರ್ಶನ.

ಮುಂದೆ ಈ ಕಾರ್ಯಕ್ಕೆ ಸಂಸ್ಥೆಗಳೂ ಕಾನೂನುಗಳೂ ಒದಗಿಬಂದವು. 1903ರಲ್ಲಿ ಮೈಸೂರಿನಲ್ಲಿಯೂ 1945ರಲ್ಲಿ ಬೆಂಗಳೂರಿನಲ್ಲಿಯೂ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಗಳು ಸ್ಥಾಪಿತವಾದವು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ಗ್ರಾಮಾಂತರ ಮತ್ತು ನಗರ ಯೋಜನೆಯ ಕಾಯಿದೆ 1961ರಲ್ಲಿಯೂ ಗೃಹಮಂಡಳಿಯ ಕಾಯಿದೆ 1962ರಲ್ಲಿಯೂ ರಚಿತವಾದವು. 1976ರಲ್ಲಿ ಬೆಂಗಳೂರಿನ ವಿಶ್ವಸ್ಥ ಮಂಡಳಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಪ್ರಾಧಿಕಾರವು ರಚಿಸುವ ಬಡಾವಣೆಯಲ್ಲಿ ನೂರಕ್ಕೆ 15 ಭಾಗದಷ್ಟು ನೆಲವನ್ನು ಉದ್ಯಾನ ಮತ್ತು ಆಟದ ಬಯಲುಗಳಿಗೂ 10 ಭಾಗದಷ್ಟನ್ನು ನಾಗರಿಕ ಸೌಕರ್ಯಗಳಿಗೂ ಮೀಸಲಿಡಬೇಕೆಂದು ಅದರ ಕಾಯಿದೆ ವಿಧಿಸಿತು. ಮನೆಯೆಂದರೆ ನಾಲ್ಕು ಗೋಡೆಗಳು ಮಾತ್ರವಲ್ಲ, ಅದರ ಸುತ್ತಲಿನ ಬಯಲೂ ಮನೆಯ ಭಾಗವೇ ಎಂಬ ತತ್ತ್ವ ಇದರಲ್ಲಿ ಅಡಗಿದೆ.

ಆದರೆ ಯೋಜನೆಯ ನಡಿಗೆಗಿಂತ ಜನಸಂಖ್ಯೆಯ ಓಟ ಬಿರುಸಾಗಿತ್ತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ವೇಳೆಗೆ ಎಂಟು ಲಕ್ಷದ ಸಮೀಪಕ್ಕೆ ಬಂದಿತು. ವಿಮಾನ, ದೂರವಾಣಿ, ಗಡಿಯಾರ, ಯಂತ್ರೋಪಕರಣ ಮೊದಲಾದವುಗಳ ಕಾರ್ಖಾನೆಗಳು ಒಂದೊಂದಾಗಿ ತಲೆಯೆತ್ತಿದವು. ದೊಡ್ಡ ಕಾರ್ಖಾನೆಗಳು ತಮ್ಮ ನೌಕರರಿಗಾಗಿ ವಸತಿಗಳನ್ನು ಕಟ್ಟಿಸಿದವು. ಆದರೆ ಆ ಕಾರ್ಖಾನೆಗಳ ಗೋಡೆಗಳನ್ನೆಬ್ಬಿಸಿದ ಕೂಲಿಗಳಿಗೆ ವಸತಿ ದೊರೆಯಲಿಲ್ಲ. 2011ರ ಜನಗಣತಿಯ ವೇಳೆಗೆ ಕರ್ನಾಟಕದ ನೂರು ಜನರಲ್ಲಿ ಸುಮಾರು 39 ಮಂದಿ ನಗರವಾಸಿಗಳಾಗಿದ್ದರು. ಬೆಂಗಳೂರು ಮಹಾನಗರದಲ್ಲಿಯೇ 84 ಲಕ್ಷಕ್ಕೂ ಹೆಚ್ಚು ಜನರಿದ್ದರು.

ಮಳೆ ತಪ್ಪಿದ ಹೊಲವನ್ನು ಬಿಟ್ಟು ನಗರಕ್ಕೆ ಬರುವ ರೈತನಿಗೆ ಕೆಲಸ ಬೇಗ ಸಿಗಬಹುದು, ಮನೆ ಸಿಗದು. ನೆಲದ ಬೆಲೆ ಕೂಲಿಯ ಏರಿಕೆಗಿಂತ ವೇಗವಾಗಿ ಏರುತ್ತದೆ. ನಿವೇಶನಕ್ಕೆ ಅರ್ಜಿ ಹಾಕಿ ಕಾಯುವಷ್ಟು ಸಮಯವಾಗಲಿ, ಸಾಲ ಪಡೆಯುವುದಕ್ಕೆ ಆಧಾರಪತ್ರವಾಗಲಿ ಅವನಲ್ಲಿರುವುದಿಲ್ಲ. ಊರಿನ ಅಂಚಿಗೆ ಹೋದರೆ ಬಾಡಿಗೆ ಕಡಿಮೆ. ಆದರೆ ಅಲ್ಲಿಂದ ಕೆಲಸದ ಸ್ಥಳಕ್ಕೆ ಹೋಗಿಬರುವ ವೆಚ್ಚ ಹೆಚ್ಚು. ಆದುದರಿಂದ ಅವನು ಕೆಲಸದ ಸಮೀಪದಲ್ಲಿಯೇ ರೈಲುಹಾದಿಯ ಬದಿಯಲ್ಲೋ ಚರಂಡಿಯ ದಂಡೆಯಲ್ಲೋ ತಗಡಿನ ಸೂರನ್ನು ಹೂಡುತ್ತಾನೆ. ಕೊಳೆಗೇರಿ ಹುಟ್ಟುವುದು ಹೀಗೆ. ಅದು ಅಲ್ಲಿ ವಾಸಿಸುವವರ ಸೋಮಾರಿತನದ ಫಲವಲ್ಲ. ಅವರ ದುಡಿಮೆಯನ್ನು ಬಯಸಿ, ಅವರಿಗೆ ಸ್ಥಳವನ್ನು ಮಾತ್ರ ಕೊಡದ ನಗರದ ಫಲ.

ಕೊಳೆಗೇರಿಗಳ ವಿಷಯದಲ್ಲಿ ಸರ್ಕಾರದ ದೃಷ್ಟಿಯೂ ಕ್ರಮೇಣ ಬದಲಾಗಿದೆ. 1973ರಲ್ಲಿ ರಾಜ್ಯದಲ್ಲಿ ಇದಕ್ಕಾಗಿ ಕಾಯಿದೆಯಾಯಿತು; ಅದರ ಮೇರೆಗೆ ಮಂಡಳಿಯೊಂದು ರಚಿತವಾಯಿತು. ಬಹುಕಾಲ ಅದರ ಹೆಸರಿನಲ್ಲಿ ‘ನಿರ್ಮೂಲನ’ ಎಂಬ ಪದವಿತ್ತು. ಅನಂತರ ಆ ಸ್ಥಾನಕ್ಕೆ ‘ಅಭಿವೃದ್ಧಿ’ ಎಂಬ ಪದ ಬಂದಿತು. ಇದು ಕೇವಲ ಪದದ ಬದಲಾವಣೆಯಲ್ಲ. ಗುಡಿಸಲನ್ನು ಕಿತ್ತು ಜನರನ್ನು ಹತ್ತಾರು ಮೈಲಿ ದೂರಕ್ಕೆ ಸಾಗಿಸಿದರೆ ಮನೆ ದೊರೆತರೂ ಕೆಲಸ ತಪ್ಪುತ್ತದೆ. ಮಕ್ಕಳ ಶಾಲೆ ತಪ್ಪುತ್ತದೆ. ಇದ್ದಲ್ಲಿಯೇ ನೀರು, ಶೌಚಾಲಯ, ಗಟ್ಟಿಯಾದ ಸೂರು, ನೆಲದ ಹಕ್ಕುಪತ್ರ ಇಷ್ಟನ್ನು ಒದಗಿಸಿದರೆ ಉಳಿದುದನ್ನು ಆ ಜನರೇ ಕಟ್ಟಿಕೊಳ್ಳಬಲ್ಲರು. 1914ರಲ್ಲಿ ಭಾರತಕ್ಕೆ ಬಂದು ಅನೇಕ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡಿದ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಯೋಜನಾತಜ್ಞರ ಅಭಿಪ್ರಾಯವೂ ಇದೇ ಬಗೆಯದಾಗಿತ್ತು. ಹಳೆಯ ಕೇರಿಯನ್ನು ನೆಲಸಮ ಮಾಡುವ ಬದಲು, ಉಳಿಯಬೇಕಾದುದನ್ನು ಉಳಿಸಿ, ಕೆಟ್ಟುದನ್ನಷ್ಟೇ ತೆಗೆಯಬೇಕೆಂದು ಅವರು ವಾದಿಸಿದರು. ನುರಿತ ವೈದ್ಯನು ಹುಣ್ಣಿಗೆ ಚಿಕಿತ್ಸೆ ಮಾಡುವನಲ್ಲದೆ ಕಾಲನ್ನೇ ಕತ್ತರಿಸುವುದಿಲ್ಲ.

ಮನೆಗಳ ಹಸಿವಿನಲ್ಲಿ ನಗರವು ತನ್ನ ಕೆರೆಗಳನ್ನೂ ನುಂಗಿತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದೆಡೆ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳ ಕ್ರೀಡಾಂಗಣವಾಯಿತು. ಒಂದು ಕೆರೆಯ ಕೋಡಿ ಹರಿದು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುವಂತೆ ಹಿರಿಯರು ಕೆರೆಗಳ ಸರಪಳಿಯನ್ನೇ ಹೆಣೆದಿದ್ದರು. ಕೊಂಡಿಗಳು ಕಳಚಿದ ಮೇಲೆ ನೀರಿಗೆ ಹಾದಿಯಿಲ್ಲದಾಯಿತು. 2022ರ ಸೆಪ್ಟೆಂಬರಿನಲ್ಲಿ ಸುರಿದ ಭಾರಿ ಮಳೆಗೆ ಬೆಲೆಬಾಳುವ ಬಂಗಲೆಗಳೂ ಮುಳುಗಿ, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. 2024ರ ಬೇಸಗೆಯಲ್ಲಿ ಅದೇ ನಗರದ ಕೊಳವೆಬಾವಿಗಳು ಬತ್ತಿ, ಜನ ನೀರಿನ ಟ್ಯಾಂಕರುಗಳಿಗಾಗಿ ಕಾದರು. ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಮೇಲಕ್ಕೆತ್ತಿ ತರುವ ಊರು ತನ್ನ ಅಂಗಳಕ್ಕೆ ಬಿದ್ದ ಮಳೆಯನ್ನು ಹಿಡಿದಿಡಲು ಮರೆತಿತ್ತು. ನೆಲಕ್ಕೂ ನೆನಪಿದೆ, ತಗ್ಗಿನಲ್ಲಿ ಮನೆ ಕಟ್ಟಿದರೂ ನೀರು ತನ್ನ ಹಳೆಯ ಹಾದಿಯನ್ನು ಬಿಡುವುದಿಲ್ಲ.

ಹಾಗಾದರೆ ಒಳ್ಳೆಯ ಯೋಜನೆಯ ಲಕ್ಷಣವೇನು? ಮೊದಲನೆಯದಾಗಿ, ಅದು ನೆಲದ ಗುಣವನ್ನು ಅರಿತಿರಬೇಕು. ಎರಡನೆಯದಾಗಿ, ಮನೆ, ಕೆಲಸ, ಶಾಲೆಗಳು ಪರಸ್ಪರ ದೂರವಾಗದಂತೆ ನೋಡಿಕೊಳ್ಳಬೇಕು. ಮೂರನೆಯದಾಗಿ, ಬಡವನಿಗೂ ಕಾನೂನಿನ ಒಳಗೇ ಬಾಳಲು ಎಡೆಯಿರಬೇಕು. ನಾಲ್ಕನೆಯದಾಗಿ, ಬಡಾವಣೆಗೆಂದು ಹೊಲವನ್ನು ಕಳೆದುಕೊಳ್ಳುವ ರೈತನಿಗೆ ನ್ಯಾಯ ದೊರೆಯಬೇಕು. ಎಲ್ಲಕ್ಕೂ ಮಿಗಿಲಾಗಿ ಬೆಳವಣಿಗೆಯ ಭಾರವೆಲ್ಲ ಒಂದೇ ನಗರದ ಹೆಗಲಿಗೆ ಬೀಳಬಾರದು. ಹುಬ್ಬಳ್ಳಿ-ಧಾರವಾಡ, ಮಂಗಳೂರು, ಕಲಬುರಗಿ, ಬೆಳಗಾವಿ, ದಾವಣಗೆರೆಗಳಲ್ಲಿ ಉದ್ಯೋಗ ಬೆಳೆದರೆ ಬೆಂಗಳೂರಿನ ಉಸಿರೂ ಸಡಿಲವಾಗುತ್ತದೆ.

ನಕ್ಷೆ ಬರೆಯುವುದು ತಜ್ಞರ ಕೆಲಸವಾದರೂ ಊರು ಎಲ್ಲರದು. ಮಹಾಯೋಜನೆಯ ಕರಡು ಸಿದ್ಧವಾದಾಗ ಅದನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನೂ ಸಲಹೆಗಳನ್ನೂ ಆಹ್ವಾನಿಸಬೇಕೆಂಬ ನಿಯಮವಿದೆ. ಆದರೆ ಆ ನಕ್ಷೆಯನ್ನು ಬಿಡಿಸಿ ನೋಡುವವರು ವಿರಳ. ಆಟದ ಬಯಲು ಅಂಗಡಿಗಳ ಸಾಲಾದ ಮೇಲೆ, ಕಾಲುವೆಯ ಮೇಲೆ ಗೋಡೆ ಎದ್ದ ಮೇಲೆ ದುಃಖಿಸುವುದಕ್ಕಿಂತ, ನಕ್ಷೆಯ ಹಂತದಲ್ಲಿಯೇ ಎಚ್ಚೆತ್ತು ಪ್ರಶ್ನಿಸುವುದು ನಾಗರಿಕನ ಕರ್ತವ್ಯ.

ದೊಡ್ಡ ಕಟ್ಟಡವೊಂದು ಏಳುತ್ತಿರುವಾಗ ಅದರ ಮಗ್ಗುಲಲ್ಲಿ ತಗಡಿನ ಗುಡಿಸಲುಗಳ ಸಾಲನ್ನು ಕಾಣಬಹುದು. ಇಟ್ಟಿಗೆ ಹೊರುವವರ ಮಕ್ಕಳು ಮರಳಿನ ರಾಶಿಯ ಮೇಲೆ ಪುಟ್ಟ ಪುಟ್ಟ ಮನೆಗಳನ್ನು ಕಟ್ಟಿ ಆಡುತ್ತಿರುತ್ತಾರೆ. ಕಟ್ಟಡ ಮುಗಿದೊಡನೆ ಆ ಗುಡಿಸಲುಗಳು ಮಾಯವಾಗುತ್ತವೆ. ಆ ಮಕ್ಕಳು ಇನ್ನೊಂದು ಮರಳಿನ ರಾಶಿಗೆ ನಡೆಯುತ್ತಾರೆ. ಊರನ್ನು ಕಟ್ಟಿದವರಿಗೆ ಆ ಊರಿನಲ್ಲಿ ಒಂದು ಬಾಗಿಲು, ಒಂದು ವಿಳಾಸ ದೊರೆಯುವ ದಿನ ನಗರ ಯೋಜನೆ ಸಾರ್ಥಕವಾಗುತ್ತದೆ.